ಅನುಭವ ಉಂಟು, ಕಾಗದ ಎಲ್ಲಿ? ಪುಣೆಯ ಕನ್ನಡ ಗುತ್ತಿಗೆದಾರರಿಗೊಂದು ಲೆಕ್ಕಾಚಾರ

ಪುಣೆಯ ಯಾವ ದೊಡ್ಡ ಸೈಟಿಗೆ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರು, ಗಡಿಯ ಜತ್ತ, ಅಕ್ಕಲಕೋಟೆ ಕಡೆಯವರು ಇಲ್ಲಿ ಗವಂಡಿಗಳಾಗಿ, ಸೆಂಟ್ರಿಂಗ್ ಮಿಸ್ತ್ರಿಗಳಾಗಿ, ಮುಕಾದಮರಾಗಿ ದುಡಿಯುತ್ತಾರೆ. ಅವರಲ್ಲಿ ಕೆಲವರು ಬರೀ ಲೇಬರ್ ರೇಟಿನ ಕೆಲಸ ಬಿಟ್ಟು, ಸಾಮಾನು ಸಮೇತ ಪೂರ್ತಿ ಕೆಲಸ ಹಿಡಿಯುವ ಹಂತಕ್ಕೆ ಬಂದಿದ್ದಾರೆ. ಸರ್ಕಾರಿ ಟೆಂಡರಿಗೆ ಕೈ ಹಾಕಿದಾಗ ಅವರನ್ನು ತಡೆಯುವುದು ಹಣವೊಂದೇ ಅಲ್ಲ, ಅನುಭವದ ಷರತ್ತು. ಇಪ್ಪತ್ತು ವರ್ಷ ಸ್ಲ್ಯಾಬ್ ಹಾಕಿದವನ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಐದಾರು ವರ್ಷದ ಹಿಂದೆ ಧಂದೆ ಶುರು ಮಾಡಿದವನದು ಪಾಸಾಗುತ್ತದೆ. ಇದನ್ನು ಬರೀ ವಶೀಲಿಯ ಮಹಿಮೆ ಎಂದು ತಳ್ಳಿಹಾಕುವವರೇ ಹೆಚ್ಚು. ವಶೀಲಿ ಇಲ್ಲವೆಂದಲ್ಲ. ಆದರೆ ಷರತ್ತುಗಳನ್ನು ಕೂತು ಓದಿದರೆ ಇನ್ನೊಂದು ಕಾರಣ ಕಾಣುತ್ತದೆ: ಅವು ಕೇಳುವುದು ಒಬ್ಬನ ಕೈಗೆ ಎಷ್ಟು ಕೆಲಸ ಬರುತ್ತದೆ ಎಂದಲ್ಲ, ಒಂದು ಹೆಸರಿನಲ್ಲಿ, ಒಂದು ಅವಧಿಯೊಳಗೆ, ಎಷ್ಟು ರೂಪಾಯಿಯ ಕೆಲಸ ದಾಖಲಾಗಿ ಮುಗಿದಿದೆ ಎಂದು. ಇದನ್ನು ಮೊದಲೇ ತಿಳಿದವನು ಯಾವ ಕೆಲಸ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನೇ ಬೇರೆ ರೀತಿ ಲೆಕ್ಕ ಹಾಕುತ್ತಾನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮನೆ, ಅಪಾರ್ಟ್‌ಮೆಂಟ್ ಕಟ್ಟುವ ಖಾಸಗಿ ಗುತ್ತಿಗೆದಾರನಿಗೆ ಅನುಭವ ಪರೀಕ್ಷಿಸಿ ಕೊಡುವ ಸಾಮಾನ್ಯ ಲೈಸೆನ್ಸ್ ಎಂಬುದು ನಮ್ಮಲ್ಲಿ ಇಲ್ಲ. ಜಿಎಸ್‌ಟಿ, ಪಿಎಫ್, ಕಾರ್ಮಿಕ ಕಾನೂನಿನ ನೋಂದಣಿಗಳು ಬೇಕು, ಆದರೆ ಅವ್ಯಾವುವೂ ನಿಮಗೆ ಕೆಲಸ ಬರುತ್ತದೆಯೇ ಎಂದು ಕೇಳುವುದಿಲ್ಲ. ಜನ ಲೈಸೆನ್ಸ್ ಎಂದು ಕರೆಯುವುದು ಸರ್ಕಾರಿ ಇಲಾಖೆಗಳ ನೋಂದಣಿಯನ್ನು. ಪುಣೆಯಲ್ಲಿ ಕೂತವನಿಗೆ ಇಂಥ ಬಾಗಿಲುಗಳು ಹಲವು: ಮಹಾರಾಷ್ಟ್ರದ ಪಿಡಬ್ಲ್ಯೂಡಿ, ಪುಣೆ ಮತ್ತು ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಗಳು, 2015ರಲ್ಲಿ ಹುಟ್ಟಿದ ಪುಣೆ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ (ಪಿಎಂಆರ್‌ಡಿಎ), ಕೇಂದ್ರದ ಸಿಪಿಡಬ್ಲ್ಯೂಡಿ, ಮಧ್ಯ ರೈಲ್ವೆ, ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರಸ್ಥಾನ ಇಲ್ಲೇ ಇರುವುದರಿಂದ ಸೇನೆಯ ಎಂಜಿನಿಯರಿಂಗ್ ಸೇವೆಯಾದ ಎಂಇಎಸ್. ಪ್ರತಿಯೊಂದಕ್ಕೂ ತನ್ನದೇ ನಿಯಮ, ತನ್ನದೇ ವರ್ಗ. ಯಾವ ವರ್ಗದವ ಎಷ್ಟು ಮೊತ್ತದವರೆಗೆ ಟೆಂಡರ್ ಹಾಕಬಹುದು ಎಂಬ ಮಿತಿ ಆಗಾಗ ಪರಿಷ್ಕೃತವಾಗುತ್ತಿರುತ್ತದೆ. ಅದನ್ನು ಆಯಾ ಕಚೇರಿಯ ಇತ್ತೀಚಿನ ಆದೇಶದಲ್ಲೇ ನೋಡಬೇಕು. ನಿಜವಾದ ಅರ್ಥದ ಲೈಸೆನ್ಸ್ ಇರುವುದು ವಿದ್ಯುತ್ ಕೆಲಸಕ್ಕೆ. ಅಲ್ಲಿ ಲೈಸೆನ್ಸ್ ಪಡೆದ ಗುತ್ತಿಗೆದಾರ ಮತ್ತು ಅರ್ಹತಾಪತ್ರ ಇರುವ ಸೂಪರ್‌ವೈಸರ್ ಇಬ್ಬರೂ ಬೇಕು.

ಹೊರದೇಶದ ಒಂದು ಉದಾಹರಣೆ ಪಕ್ಕಕ್ಕಿಟ್ಟರೆ ನಮ್ಮ ಪದ್ಧತಿಯ ಸ್ವರೂಪ ಸ್ಪಷ್ಟವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಟ್ಟಡ ಗುತ್ತಿಗೆದಾರನ ಲೈಸೆನ್ಸಿಗೆ ಹಿಂದಿನ 10 ವರ್ಷದೊಳಗೆ ಕನಿಷ್ಠ 4 ವರ್ಷ ನುರಿತ ಕೆಲಸಗಾರನಾಗಿಯೋ, ಮೇಸ್ತ್ರಿಯಾಗಿಯೋ, ಮೇಲ್ವಿಚಾರಕನಾಗಿಯೋ ದುಡಿದಿರಬೇಕು. ಅಲ್ಲಿ ಎಣಿಸುವುದು ಮನುಷ್ಯ ದುಡಿದ ವರ್ಷಗಳನ್ನು. ಬೇರೆಯವರ ಕೈಕೆಳಗೆ ಸಂಬಳಕ್ಕೆ ದುಡಿದರೂ ಅದು ಅವನ ಲೆಕ್ಕಕ್ಕೇ. ನಮ್ಮಲ್ಲಿ ಎಣಿಸುವುದು ಸಂಸ್ಥೆ ಮುಗಿಸಿದ ರೂಪಾಯಿಗಳನ್ನು. ದೊಡ್ಡ ಕಂಪನಿಯಲ್ಲಿ ಹದಿನೈದು ವರ್ಷ ಸೈಟ್ ಸೂಪರ್‌ವೈಸರ್ ಆಗಿದ್ದವ ಸ್ವಂತ ಧಂದೆ ಆರಂಭಿಸಿದ ದಿನ ಟೆಂಡರಿನ ಲೆಕ್ಕದಲ್ಲಿ ಅವನ ಅನುಭವ ಸೊನ್ನೆ. ಇದು ಅನ್ಯಾಯವೇ, ಅಲ್ಲವೇ ಎಂಬುದಕ್ಕೆ ಆಮೇಲೆ ಬರೋಣ.

ರೂಪಾಯಿ ಲೆಕ್ಕದ ಮೂಲ ಸೂತ್ರ ಕೇಂದ್ರ ಜಾಗೃತ ಆಯೋಗ 2002ರ ಡಿಸೆಂಬರ್ 17ರಂದು ಹೊರಡಿಸಿದ ಸುತ್ತೋಲೆಯಲ್ಲಿದೆ. ಹಿಂದಿನ 7 ವರ್ಷಗಳಲ್ಲಿ ಅದೇ ಬಗೆಯ ಮೂರು ಕೆಲಸ, ಒಂದೊಂದೂ ಟೆಂಡರಿನ ಅಂದಾಜು ಮೊತ್ತದ ಶೇ 40ಕ್ಕೆ ಕಡಿಮೆಯಿಲ್ಲದ್ದು. ಇಲ್ಲವೇ ಶೇ 50ರ ಎರಡು. ಇಲ್ಲವೇ ಶೇ 80ರ ಒಂದು ಮುಗಿಸಿರಬೇಕು. ಜೊತೆಗೆ ಹಿಂದಿನ 3 ವರ್ಷದ ಸರಾಸರಿ ವಹಿವಾಟು ಅಂದಾಜು ಮೊತ್ತದ ಕನಿಷ್ಠ ಶೇ 30 ಇರಬೇಕು. ಸಿಪಿಡಬ್ಲ್ಯೂಡಿ ಎರಡು ಕೆಲಸದ ಆಯ್ಕೆಗೆ ಶೇ 60 ಕೇಳುತ್ತದೆ. ರಾಜ್ಯದ ಇಲಾಖೆಗಳೂ ಪಾಲಿಕೆಗಳೂ ತಮ್ಮ ಟೆಂಡರಿನಲ್ಲಿ ಬೇರೆ ಅಂಕಿ ಬರೆಯಬಹುದು, ಬರೆಯುತ್ತವೆ ಕೂಡ. ಆದರೆ ಅಚ್ಚು ಹೆಚ್ಚುಕಡಿಮೆ ಇದೇ.

ಈ ಸೂತ್ರದೊಳಗೆ ಒಂದು ಏಣಿ ಇದೆ. ಅದನ್ನು ಗಮನಿಸುವವರು ಕಡಿಮೆ. ತಲಾ 20 ಲಕ್ಷದ ಮೂರು ಕೆಲಸ ಮುಗಿಸಿದವ 50 ಲಕ್ಷದ ಟೆಂಡರಿಗೆ ಅರ್ಹ. 50 ಲಕ್ಷದ್ದು ಮೂರು ಮುಗಿದರೆ ಒಂದೂಕಾಲು ಕೋಟಿ. ಅಂದರೆ ಮೂರು ಸಮ ಗಾತ್ರದ ಕೆಲಸಗಳು ನಿಮ್ಮನ್ನು ಎರಡೂವರೆ ಪಟ್ಟು ಮೇಲೆ ಒಯ್ಯುತ್ತವೆ. ಒಂದೇ ದೊಡ್ಡ ಕೆಲಸ ನೆಚ್ಚಿಕೊಂಡರೆ ಏರುವುದು ಒಂದೂಕಾಲು ಪಟ್ಟು ಮಾತ್ರ. ಹೀಗಿರುವಾಗ ಹೊಸಬ 20 ಲಕ್ಷದ ಒಂದು ಕೆಲಸ ಮುಗಿಸಿ ನಿಲ್ಲುವುದಕ್ಕಿಂತ ಅದೇ ಗಾತ್ರದ ಮೂರನ್ನು ಹಿಡಿಯುವುದು ಲಾಭ. ಹಾಗೆಯೇ 20, 20, 12 ಲಕ್ಷದ ಮೂರು ಕೆಲಸ ಮಾಡಿದವ 50 ಲಕ್ಷದ ಟೆಂಡರಿನಲ್ಲಿ ಹೊರಗುಳಿಯುತ್ತಾನೆ. ಒಟ್ಟು ಮೊತ್ತ ಯಾರೂ ಕೂಡುವುದಿಲ್ಲ; ಒಂದೊಂದು ಕೆಲಸವೂ ಗೆರೆ ದಾಟಬೇಕು.

ಇನ್ನೊಂದು ಅನುಕೂಲವನ್ನು ಎಷ್ಟೋ ಜನ ಬಳಸುವುದೇ ಇಲ್ಲ. ಹಳೆಯ ಕೆಲಸದ ಬೆಲೆಯನ್ನು ಇಂದಿನ ಮಟ್ಟಕ್ಕೆ ಏರಿಸಿಕೊಳ್ಳಲು ಸಿಪಿಡಬ್ಲ್ಯೂಡಿ ವರ್ಷಕ್ಕೆ ಶೇ 7ರ ಸರಳ ದರ ಕೊಡುತ್ತದೆ. ಕೆಲಸ ಮುಗಿದ ದಿನದಿಂದ ಟೆಂಡರ್ ಸಲ್ಲಿಸುವ ಕೊನೆಯ ದಿನದವರೆಗೆ ಈ ಲೆಕ್ಕ. 4 ವರ್ಷದ ಹಿಂದೆ 32 ಲಕ್ಷಕ್ಕೆ ಮುಗಿಸಿದ ಕಟ್ಟಡ ಇಂದಿನ ಲೆಕ್ಕದಲ್ಲಿ 40 ಲಕ್ಷದ 96 ಸಾವಿರ. 1 ಕೋಟಿಯ ಟೆಂಡರಿನಲ್ಲಿ ಶೇ 40ರ ಗೆರೆಯನ್ನು ಅದು ದಾಟಿತು. ಆದರೆ ಕೆಲಸ 7 ವರ್ಷ ದಾಟಿದ ಮರುದಿನ ಅದರ ಬೆಲೆ ಸೊನ್ನೆಯಾಗುತ್ತದೆ. ಆದ್ದರಿಂದ ನಿಮ್ಮ ಹಳೆಯ ಒಳ್ಳೆಯ ಕೆಲಸ ಯಾವ ತಿಂಗಳಲ್ಲಿ ಅವಧಿ ಮೀರುತ್ತದೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು, ಅದಕ್ಕೆ ಮೊದಲೇ ದೊಡ್ಡ ಟೆಂಡರಿಗೆ ಪ್ರಯತ್ನಿಸಬೇಕು.

ಅದೇ ಬಗೆಯ ಕೆಲಸ ಎಂದರೆ ಯಾವುದು? ಜಗಳ ಹೆಚ್ಚು ನಡೆಯುವುದು ಇಲ್ಲೇ. ಇದಕ್ಕೆ ಉತ್ತರ ಹೇಳುವ ಅಧಿಕಾರ ಯಾರದೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ ಹೇಳಿತು. ನಾಗಪುರ ಮೆಟ್ರೋದ ಟೆಂಡರಿನಲ್ಲಿ ಒಂದು ಒಕ್ಕೂಟ, ತನ್ನ ಚೀನೀ ಪಾಲುದಾರ ಪರ್ಲ್ ನದಿ ಮುಖಜ ಪ್ರದೇಶದಲ್ಲಿ ಕಟ್ಟಿದ ಅಂತರನಗರ ಹೈಸ್ಪೀಡ್ ರೈಲು ಮಾರ್ಗವನ್ನು ಮೆಟ್ರೋ ಅನುಭವವೆಂದು ತೋರಿಸಿತ್ತು. ಮೆಟ್ರೋ ನಿಗಮ ಒಪ್ಪಲಿಲ್ಲ. ಹೈಕೋರ್ಟ್ ಒಕ್ಕೂಟದ ಪರ ನಿಂತಿತು. ಅದೇ ಟೆಂಡರಿನ ಪ್ರತಿಸ್ಪರ್ಧಿ ಆಫ್ಕಾನ್ಸ್ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ಟೆಂಡರ್ ಬರೆದವರೇ ಅದರ ಅಗತ್ಯವನ್ನು ಚೆನ್ನಾಗಿ ಬಲ್ಲವರು, ಅವರ ಅರ್ಥವಿವರಣೆಯಲ್ಲಿ ದುರುದ್ದೇಶವೋ ವಿಪರೀತವೋ ಕಾಣದ ಹೊರತು ಕೋರ್ಟು ಕೈ ಹಾಕಬಾರದು ಎಂದು ತೀರ್ಪಾಯಿತು. ಅದೇ ನಿಗಮ ಮುಂದೆ ಮಹಾಮೆಟ್ರೋ ಆಗಿ ಪುಣೆ ಮೆಟ್ರೋವನ್ನೂ ಕಟ್ಟಿತು. ನೂರಾರು ಕೋಟಿಯ ಕಂಪನಿಗೇ ಹೀಗಾದರೆ ಅಂಗನವಾಡಿ ಕಟ್ಟಡದ ಅನುಭವ ತೋರಿಸಿ ನೀರಿನ ಟಾಕಿಯ ಟೆಂಡರ್ ಕೇಳುವವನ ಗತಿ ಊಹಿಸಬಹುದು. ಸಂಶಯವಿದ್ದರೆ ಟೆಂಡರ್ ಪೂರ್ವ ಸಭೆಯಲ್ಲಿ ಲಿಖಿತವಾಗಿ ಪ್ರಶ್ನೆ ಕೇಳಿ, ಲಿಖಿತ ಉತ್ತರ ಪಡೆಯಬೇಕು. ಅರ್ಜಿ ಬಿದ್ದ ಮೇಲೆ ಕೋರ್ಟಿಗೆ ಓಡುವುದು ಸಣ್ಣ ಗುತ್ತಿಗೆದಾರನಿಗೆ ಪರಿಹಾರವಲ್ಲ.

ಮುಂದಿನ ತೊಡಕು ಹೆಸರಿನದು. ಮುಖ್ಯ ಗುತ್ತಿಗೆದಾರ ಪಿಡಬ್ಲ್ಯೂಡಿಯಿಂದ ಕೆಲಸ ಪಡೆದು, ಅದನ್ನು ಕನ್ನಡದ ಮಿಸ್ತ್ರಿಯೊಬ್ಬನಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಡುವುದು ಪುಣೆಯಲ್ಲಿ ಹೊಸದೇನಲ್ಲ. ಕಟ್ಟಿದವ ಮಿಸ್ತ್ರಿ, ಅಳತೆ ಪುಸ್ತಕದಲ್ಲಿ, ಬಿಲ್ಲಿನಲ್ಲಿ, ಪ್ರಮಾಣಪತ್ರದಲ್ಲಿ ಇರುವುದು ಮತ್ತೊಬ್ಬನ ಹೆಸರು. ಮಹಾರಾಷ್ಟ್ರದ ಬಿ-1 ನಮೂನೆಯ ಕರಾರಿನಲ್ಲಿ ಕಾರ್ಯನಿರ್ವಾಹಕ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಕೆಲಸ ಬೇರೆಯವರಿಗೆ ವಹಿಸುವಂತಿಲ್ಲ. ಹಾಗಾಗಿ ಅನಧಿಕೃತ ಉಪಗುತ್ತಿಗೆದಾರ ತನ್ನ ಕೆಲಸವನ್ನು ಸಾಬೀತು ಮಾಡಲು ಹೊರಟರೆ ಮುಖ್ಯ ಗುತ್ತಿಗೆದಾರನ ಕರಾರುಭಂಗವನ್ನೇ ಸಾಬೀತು ಮಾಡಿದ ಹಾಗಾಗುತ್ತದೆ. ಉಪಗುತ್ತಿಗೆ ಹಿಡಿಯುವುದಾದರೆ ಇಲಾಖೆಯ ಒಪ್ಪಿಗೆ ಪತ್ರದ ಪ್ರತಿ ಕೈಗೆ ಬಂದ ಮೇಲೆ ಹಿಡಿಯಿರಿ. ಬರುವ ಹಾಗಿಲ್ಲವೆಂದರೆ ಅದು ಕೂಲಿಯ ಕೆಲಸ ಎಂದು ತಿಳಿದು ರೇಟು ಹೇಳಿ. ಅನುಭವದ ಆಸೆಯಿಂದ ರೇಟು ಇಳಿಸಬೇಡಿ.

ಹೆಸರಿನ ತೊಡಕಿಗೆ ಇನ್ನೊಂದು ಮುಖ ಉಂಟು. ಒಬ್ಬನೇ ಮಾಲೀಕನಿರುವ ಧಂದೆಯ ಎಲ್ಲ ದಾಖಲೆ ಮಾಲೀಕನ ಸ್ವಂತ ಪ್ಯಾನ್ ಮೇಲೆ ಕೂತಿರುತ್ತದೆ. ತಮ್ಮನನ್ನೋ ಮಗನನ್ನೋ ಸೇರಿಸಿಕೊಂಡು ಪಾಲುದಾರಿಕೆ ಮಾಡಿದ ದಿನ ಹೊಸ ಪ್ಯಾನ್ ಬರುತ್ತದೆ, ಅದರ ಹಿಂದೆ ಏನೂ ಇರುವುದಿಲ್ಲ. ನ್ಯೂ ಹೊರೈಜನ್ಸ್ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್, ಜಂಟಿ ಸಂಸ್ಥೆಯ ಅನುಭವ ನೋಡುವಾಗ ಅದರ ಹಿಂದಿರುವ ಘಟಕಗಳ ಅನುಭವವನ್ನೂ ಪರಿಗಣಿಸಬೇಕು ಎಂದಿತ್ತು. ಹೈದರಾಬಾದಿನ ಟೆಲಿಫೋನ್ ಡೈರೆಕ್ಟರಿ ಅಚ್ಚು ಹಾಕುವ ಟೆಂಡರ್ ಅದು. ತತ್ವ ಒಳ್ಳೆಯದು. ಆದರೆ ಟೆಂಡರಿನಲ್ಲೇ ಬೇರೆ ಷರತ್ತು ಬರೆದಿದ್ದರೆ ಆ ತತ್ವವನ್ನೇ ನೆಚ್ಚಿ ಕೂರಲಾಗದು. ಸಂಸ್ಥೆಯ ಸ್ವರೂಪ ಬದಲಿಸುವ ಮುನ್ನ ಹಳೆಯ ಧಂದೆಯ ಆಸ್ತಿ, ಸಾಲ, ನಡೆಯುತ್ತಿರುವ ಕೆಲಸ ಎಲ್ಲವೂ ಹೊಸ ಸಂಸ್ಥೆಗೆ ಹೋಗುವಂತೆ ಕರಾರುಪತ್ರ ಮಾಡಿಸಿ, ನೋಂದಣಿ ಮಾಡಿದ ಕಚೇರಿಯಿಂದ ಬದಲಾವಣೆಗೆ ಲಿಖಿತ ಮಂಜೂರಾತಿ ಪಡೆಯುವುದು ಕ್ಷೇಮ.

ಖಾಸಗಿ ಕೆಲಸವನ್ನು ಅನುಭವವಾಗಿ ಒಪ್ಪುವ ಇಲಾಖೆಗಳೂ ಇವೆ. ಆದರೆ ಅದಕ್ಕೆ ಟಿಡಿಎಸ್ ಸಾಕ್ಷಿ ಬೇಕು. ವಿಚಿತ್ರ ಇರುವುದು ಇಲ್ಲಿ. ಕೋಥ್ರೂಡಿನಲ್ಲಿ ಒಬ್ಬ ನಿವೃತ್ತ ನೌಕರನಿಗೆ 45 ಲಕ್ಷದ ಬಂಗಲೆ ಕಟ್ಟಿಕೊಟ್ಟಿರಿ ಎನ್ನಿ. ಸ್ವಂತ ಮನೆ ಕಟ್ಟಿಸುವ ವ್ಯಕ್ತಿ ವರ್ಷಕ್ಕೆ 50 ಲಕ್ಷ ಮೀರದ ಹೊರತು ತೆರಿಗೆ ಕಡಿತ ಮಾಡಬೇಕಿಲ್ಲ. ಹಾಗಾಗಿ ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆ ತೋರಿಸುವ 26ಎಎಸ್ ಪಟ್ಟಿಯಲ್ಲಿ ಆ ಬಂಗಲೆಯ ಸುಳಿವೇ ಇರುವುದಿಲ್ಲ. ಅದೇ ಒಂದು ಸಹಕಾರಿ ಹೌಸಿಂಗ್ ಸೊಸೈಟಿಗೆ 5 ಲಕ್ಷದ ವಾಟರ್‌ಪ್ರೂಫಿಂಗ್ ಮಾಡಿದರೆ, ಸೊಸೈಟಿ ಕಡ್ಡಾಯವಾಗಿ ಟಿಡಿಎಸ್ ಹಿಡಿಯಬೇಕು. ಒಬ್ಬ ವ್ಯಕ್ತಿಯ ಧಂದೆಗೆ ಶೇ 1, ಸಂಸ್ಥೆಗೆ ಶೇ 2. ಗುತ್ತಿಗೆದಾರರ ಬಾಯಲ್ಲಿ 194ಸಿ ಎಂದೇ ನಿಂತುಹೋದ ಕಲಮಿನ ಕಥೆ ಇದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ. ಟಿಡಿಎಸ್ ಹಿಡಿದರೆ ಮುಖ ಸಿಂಡರಿಸುವವರೇ ಬಹಳ. ಅನುಭವ ಕಟ್ಟಿಕೊಳ್ಳುವವನಿಗೆ ಅದು ಅತಿ ಅಗ್ಗದ ಸಾಕ್ಷಿ. ರಿಟರ್ನ್ ತುಂಬಿದರೆ ಹೆಚ್ಚುವರಿ ಹಣವೂ ಮರಳುತ್ತದೆ. ಸೊಸೈಟಿಗಳಿಂದ ತುಂಬಿದ ಪುಣೆಯಲ್ಲಿ ದುರಸ್ತಿ ಕೆಲಸಗಳಿಗೆ ಬರವಿಲ್ಲ. ದುರಸ್ತಿಯ ಅನುಭವದಿಂದ ಹೊಸ ಕಟ್ಟಡದ ಟೆಂಡರ್ ಸಿಗಲಿಕ್ಕಿಲ್ಲ, ಆದರೆ ದುರಸ್ತಿ ಟೆಂಡರುಗಳು ಸಿಗುತ್ತವೆ, ವಹಿವಾಟಿನ ಲೆಕ್ಕಕ್ಕಂತೂ ಬಂದೇ ಬರುತ್ತದೆ.

ವಹಿವಾಟಿನ ಮಾತು ಬಂದದ್ದಕ್ಕೆ ಒಂದು ಕಹಿ ಸತ್ಯ. ತೆರಿಗೆ ಉಳಿಸಲು ಅರ್ಧ ಆದಾಯ ನಗದಿನಲ್ಲಿ ಪಡೆದು ಕಡಿಮೆ ವಹಿವಾಟು ತೋರಿಸುವವರು, ಅಷ್ಟೇ ಅನುಭವವನ್ನೂ ಸುಟ್ಟುಹಾಕುತ್ತಿರುತ್ತಾರೆ. ಮೂರು ವರ್ಷ ತಲಾ 15 ಲಕ್ಷ ತೋರಿಸಿದವ ಶೇ 30ರ ನಿಯಮದಂತೆ 50 ಲಕ್ಷಕ್ಕಿಂತ ದೊಡ್ಡ ಟೆಂಡರ್ ಮುಟ್ಟುವಂತಿಲ್ಲ, ನಿಜವಾಗಿ 40 ಲಕ್ಷದ ಕೆಲಸ ಮಾಡಿದ್ದರೂ.

ಇನ್ನು ಪ್ರಮಾಣಪತ್ರ. ಸಿಪಿಡಬ್ಲ್ಯೂಡಿಯ ನಮೂನೆಯನ್ನು ಸಮೀಪದಿಂದ ನೋಡಿದರೆ ಯಾವುದು ಬಿಟ್ಟುಹೋದರೆ ಅರ್ಜಿ ಬೀಳುತ್ತದೆ ಎಂಬುದು ತಿಳಿಯುತ್ತದೆ. ಕೆಲಸದ ಹೆಸರು, ಸ್ಥಳ, ಕರಾರಿನ ಸಂಖ್ಯೆ, ಅಂದಾಜು ಮೊತ್ತ, ಟೆಂಡರ್ ಮೊತ್ತ, ಆರಂಭದ ದಿನ, ಮುಗಿಯಬೇಕಿದ್ದ ದಿನ, ನಿಜವಾಗಿ ಮುಗಿದ ದಿನ, ತಡವಾದದ್ದಕ್ಕೆ ಹಾಕಿದ ದಂಡ, ದರ ಇಳಿಸಿದ ಐಟಂಗಳಿದ್ದರೆ ಅವುಗಳ ಮೊತ್ತ. ಆಮೇಲೆ ಗುಣಮಟ್ಟ, ಹಣಕಾಸಿನ ಬಲ, ತಾಂತ್ರಿಕ ಸಾಮರ್ಥ್ಯ, ನಡವಳಿಕೆ ಇವಕ್ಕೆ ಬಹಳ ಚೆನ್ನಾಗಿದೆಯಿಂದ ಕಳಪೆಯವರೆಗೆ ಅಭಿಪ್ರಾಯ. ಕೊನೆಗೆ ಕಾರ್ಯನಿರ್ವಾಹಕ ಎಂಜಿನಿಯರ್ ದರ್ಜೆಯವರ ಸಹಿ. ಸ್ಥಳೀಯ ಕಚೇರಿಗಳು ಲೆಟರ್‌ಹೆಡ್ ಮೇಲೆ ಕೆಲಸ ತೃಪ್ತಿಕರವಾಗಿ ಮುಗಿದಿದೆ ಎಂದು ಎರಡು ಸಾಲು ಬರೆದು ಕೊಡುವುದುಂಟು. ಮುಗಿದ ದಿನಾಂಕವೂ ಅಂತಿಮ ಬಿಲ್ಲಿನ ಮೊತ್ತವೂ ಇಲ್ಲದ ಅಂಥ ಕಾಗದದಿಂದ 7 ವರ್ಷದ ಲೆಕ್ಕವೂ ಬರುವುದಿಲ್ಲ, ಶೇ 40ರ ಲೆಕ್ಕವೂ ಬರುವುದಿಲ್ಲ. ಕರ್ನಾಟಕದಲ್ಲಿ ಮಾಡಿದ ಕೆಲಸದ ಪ್ರಮಾಣಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷಿಗೋ ಮರಾಠಿಗೋ ಅನುವಾದಿಸಿ ನೋಟರಿ ಮಾಡಿಸಿಡಿ. ಪ್ರಮಾಣಪತ್ರ ಸಿಗದ ಹಳೆಯ ಕೆಲಸಗಳಿಗೆ ಮಾಹಿತಿ ಹಕ್ಕಿನಲ್ಲಿ ಅಳತೆ ಪುಸ್ತಕದ ಪುಟಗಳನ್ನೂ ಅಂತಿಮ ಬಿಲ್ಲಿನ ಪ್ರತಿಯನ್ನೂ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು.

ಏನೂ ಅನುಭವವಿಲ್ಲದವನು ಮೊದಲ ಕೆಲಸ ಪಡೆಯುವುದು ಹೇಗೆ ಎಂಬ ಆಕ್ಷೇಪ ಸಹಜ. ಕೆಲಸವಿಲ್ಲದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ ಎಂಬ ಈ ಸುತ್ತನ್ನು ಮಹಾರಾಷ್ಟ್ರ ಎರಡು ಕಡೆ ಮುರಿದಿದೆ. ನಿಗದಿತ ಮೊತ್ತದೊಳಗಿನ ಸಣ್ಣ ಕೆಲಸಗಳಲ್ಲಿ ಒಂದು ಪಾಲನ್ನು ನಿರುದ್ಯೋಗಿ ಎಂಜಿನಿಯರುಗಳಿಗೆ, ಇನ್ನೊಂದು ಪಾಲನ್ನು ಮಜೂರ ಸಹಕಾರಿ ಸಂಸ್ಥೆಗಳಿಗೆ, ಉಳಿದದ್ದನ್ನು ಸಾಮಾನ್ಯ ಗುತ್ತಿಗೆದಾರರಿಗೆ ಹಂಚುವ ಪದ್ಧತಿ ಇದೆ. ಸಿವಿಲ್ ಡಿಪ್ಲೊಮಾ ಅಥವಾ ಪದವಿ ಮಾಡಿದ ಮಗನೋ ಮಗಳೋ ಮನೆಯಲ್ಲಿದ್ದರೆ, ಅವರ ಹೆಸರಿನಲ್ಲಿ ನೋಂದಣಿ ಮಾಡಿಸುವುದು ಅಪ್ಪನ ಹೆಸರಿನಲ್ಲಿ ಹೋರಾಡುವುದಕ್ಕಿಂತ ಹತ್ತಿರದ ದಾರಿ. ಅಲ್ಲಿ ಓದು ಅನುಭವದ ಜಾಗದಲ್ಲಿ ನಿಲ್ಲುತ್ತದೆ. ಆದರೆ ಕೆಲಸದ ಸ್ಥಳದಲ್ಲಿ ಆ ಮಗ ಅಥವಾ ಮಗಳು ನಿಜವಾಗಿ ನಿಲ್ಲಬೇಕು. ಮಜೂರ ಸಂಸ್ಥೆಯ ದಾರಿಯಲ್ಲಿ ಕೆಲಸ ಸಿಗುತ್ತದೆ, ಆದರೆ ಅನುಭವ ಸೇರುವುದು ಸಂಸ್ಥೆಯ ಹೆಸರಿಗೆ, ಸದಸ್ಯನಿಗಲ್ಲ.

ಇದೆಲ್ಲ ಕಾಗದದ ಆಟ, ಕಾಗದವನ್ನು ಕೊಂಡುಕೊಂಡರಾಯಿತು ಎನ್ನುವವರಿದ್ದಾರೆ. ಕಮಿಷನ್ನಿಗೆ ಬೇರೆಯವರ ನೋಂದಣಿ ಬಾಡಿಗೆಗೆ ಪಡೆಯುವುದು, ನಕಲಿ ಪ್ರಮಾಣಪತ್ರ ಅಂಟಿಸುವುದು ನಡೆಯುತ್ತಿಲ್ಲವೆಂದು ಯಾರೂ ಹೇಳುವುದಿಲ್ಲ. ನಕಲಿ ಸಿಕ್ಕಿಬಿದ್ದರೆ ಇ.ಎಂ.ಡಿ. ಮುಟ್ಟುಗೋಲು, ಕಪ್ಪುಪಟ್ಟಿ, ಪೊಲೀಸ್ ಕೇಸು. ಅದಕ್ಕೂ ಮಿಗಿಲಾದ ನಷ್ಟ ಬಾಡಿಗೆ ನೋಂದಣಿಯಲ್ಲಿದೆ: ದುಡ್ಡು ಹಾಕಿ, ಕಷ್ಟಪಟ್ಟು ನೀವು ಕಟ್ಟಿದ ಕಟ್ಟಡ ಇನ್ನೊಬ್ಬನನ್ನು ಮುಂದಿನ ವರ್ಗಕ್ಕೆ ಏರಿಸುತ್ತದೆ. ಐದು ವರ್ಷ ಹೀಗೆ ದುಡಿದವ ಆರನೆಯ ವರ್ಷವೂ ಬಾಡಿಗೆಗೇ ಹೋಗಬೇಕು.

ಇನ್ನೊಂದು ವಾದಕ್ಕೆ ಹೆಚ್ಚು ಬೆಲೆ ಕೊಡಬೇಕು. ರೂಪಾಯಿಯಲ್ಲಿ ಅಳೆಯುವ ಷರತ್ತು ಕಟ್ಟಡದ ಭದ್ರತೆಯನ್ನಾಗಲಿ ಕಾರ್ಮಿಕರ ಜೀವವನ್ನಾಗಲಿ ಕಾಯುತ್ತದೆಯೇ? 2016ರ ಜುಲೈನಲ್ಲಿ ಬಾಲೇವಾಡಿಯಲ್ಲಿ ಸ್ಲ್ಯಾಬ್ ಕುಸಿದು 9 ಕಾರ್ಮಿಕರು ಸತ್ತರು. 2019ರ ಜೂನ್‌ನಲ್ಲಿ ಕೊಂಢ್ವಾದಲ್ಲಿ ಕಾಂಪೌಂಡ್ ಗೋಡೆ ಶೆಡ್ಡುಗಳ ಮೇಲೆ ಬಿದ್ದು 15 ಜನ, 2022ರ ಫೆಬ್ರವರಿಯಲ್ಲಿ ಯೆರವಡಾದಲ್ಲಿ ಕಬ್ಬಿಣದ ಜಾಲ ಕುಸಿದು 5 ಜನ. ಇವೆಲ್ಲ ಖಾಸಗಿ ಜಾಗಗಳು, ಅಂದರೆ ಗುತ್ತಿಗೆದಾರನ ಅನುಭವ ಕೇಳುವ ಲೈಸೆನ್ಸ್ ಇಲ್ಲದ ಕ್ಷೇತ್ರ. ಆದ್ದರಿಂದ ಷರತ್ತನ್ನೇ ಕಿತ್ತುಹಾಕಿ ಎಂಬ ಕೂಗಿಗೆ ನನ್ನ ಒಪ್ಪಿಗೆಯಿಲ್ಲ. ಆದರೆ ಸೆಂಟ್ರಿಂಗಿನ ಜಾಕ್ ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಮಿಸ್ತ್ರಿಯ ವರ್ಷಗಳನ್ನು ಸೊನ್ನೆಯೆಂದು ಎಣಿಸುವ ಪದ್ಧತಿ, ತಾನು ಕಾಯಬೇಕಾದ್ದನ್ನೇ ಅಳೆಯದೆ ಬಿಟ್ಟಿದೆ. ವಿದ್ಯುತ್ ಕೆಲಸದಲ್ಲಿ ವ್ಯಕ್ತಿಯ ಅರ್ಹತಾಪತ್ರಕ್ಕೂ ಸಂಸ್ಥೆಯ ಲೈಸೆನ್ಸಿಗೂ ಎರಡು ಪ್ರತ್ಯೇಕ ಜಾಗ ಕೊಟ್ಟಂತೆ ಕಟ್ಟಡದ ಕೆಲಸದಲ್ಲೂ ಕೊಡಬಹುದಿತ್ತು. ಗುತ್ತಿಗೆದಾರರ ಸಂಘಗಳು ಬಿಲ್ ಬಾಕಿಗೆ ಮಾಡುವ ಹೋರಾಟದ ಕಾಲುಭಾಗವನ್ನಾದರೂ ಇದಕ್ಕೆ ಮೀಸಲಿಡಬೇಕು.

ಅದು ಆಗುವ ತನಕ ಇರುವ ನಿಯಮದೊಳಗೇ ಬದುಕಬೇಕು. ಒಂದು ಮಾತು ಮಾತ್ರ ಮರೆಯಬೇಡಿ. ಮಹಾರಾಷ್ಟ್ರದ 2005ರ ವರ್ಗಾವಣೆ ಕಾಯ್ದೆಯಂತೆ ಅಧಿಕಾರಿಯ ಸಾಮಾನ್ಯ ಅವಧಿ 3 ವರ್ಷ. ನಿಮ್ಮ ಕೆಲಸ ಕಣ್ಣಾರೆ ಕಂಡ ಕಾರ್ಯನಿರ್ವಾಹಕ ಎಂಜಿನಿಯರ್ ಬೇರೆ ಜಿಲ್ಲೆಗೆ ಹೋದ ಮೇಲೆ ಹೊಸಬರು ಹಳೆಯ ಫೈಲ್ ತೆಗೆಸಿ ಸಹಿ ಹಾಕುವುದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಅಂತಿಮ ಬಿಲ್ ಪಾಸಾದ ವಾರದಲ್ಲೇ ಅರ್ಜಿ ಕೊಟ್ಟು, ಪೂರ್ತಿ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಳ್ಳಿ.